ಕಲಂಚೋ ಮತ್ತೆ ಹೂ ಬಿಡಬೇಕಾದರೆ ರಾತ್ರಿಯ ದೀಪ ಆರಿಸಿ

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೇವೆ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಕೆಂಪು ಹೂವಿನ ಕಲಂಚೋ ಗಿಡ ತಂದೆ. ಎರಡು ತಿಂಗಳು ಹೂವಿತ್ತು. ಆಮೇಲೆ ಇವತ್ತಿನವರೆಗೆ ಒಂದು ಮೊಗ್ಗೂ ಇಲ್ಲ. ಎಲೆಗಳು ಹಸಿರಾಗಿ ದಪ್ಪಗಿವೆ, ಕಾಂಡ ಮಾತ್ರ ಉದ್ದವಾಗಿ ಕಿಟಕಿಯ ಕಡೆಗೆ ವಾಲಿದೆ. ಹಾಲ್‌ನಲ್ಲಿ ಟಿ.ವಿ. ಪಕ್ಕದ ಕಿಟಕಿಯ ಬಳಿ ಇಟ್ಟಿದ್ದೇನೆ. ಡಿಎಪಿ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಎಪ್ಸಮ್ ಉಪ್ಪು ಎಲ್ಲ ಹಾಕಿ ನೋಡಿದೆ. ಇದೇ ಗಿಡದ ತುಂಡೊಂದನ್ನು ಮೇಲಿನ ಮನೆಯವರಿಗೆ ಕೊಟ್ಟಿದ್ದೆ. ಅವರ ಟೆರೇಸಿನಲ್ಲಿ ಪ್ರತಿ ಚಳಿಗಾಲ ಹೂ ಬಿಡುತ್ತಿದೆ! ಇದು ಒಂದೇ ಸಲ ಹೂ ಬಿಡುವ ಗಿಡವೇ? ಎಸೆದು ಹೊಸದು ತರಲೇ? ರಾಯಚೂರಿನಲ್ಲಿರುವ ತಂಗಿಗೂ ಒಂದು ಸಸಿ ಕೊಡುವ ಆಸೆಯಿದೆ. ಅಲ್ಲಿನ ಬಿಸಿಲಿಗೆ ಉಳಿಯುತ್ತದೆಯೇ?

ಉತ್ತರ: ಎಸೆಯಬೇಡಿ. ಕಲಂಚೋ ವರ್ಷ ವರ್ಷವೂ ಹೂ ಬಿಡುವ ಗಿಡ. ನಿಮ್ಮ ಗಿಡಕ್ಕೆ ರೋಗವಿಲ್ಲ, ಅದರ ತಳಿಯಲ್ಲೂ ದೋಷವಿಲ್ಲ. ಮೇಲಿನ ಮನೆಯಲ್ಲಿ ಹೂ ಬಿಡುತ್ತಿರುವುದು ಇದೇ ಗಿಡದ ತುಂಡು. ತುಂಡಿನಿಂದ ಬೆಳೆದ ಗಿಡ ಗುಣದಲ್ಲಿ ತಾಯಿಗಿಡವೇ. ಹಾಗಿರುವಾಗ ಎರಡರ ನಡುವೆ ವ್ಯತ್ಯಾಸವಿರುವುದು ಇಟ್ಟ ಜಾಗದಲ್ಲಿ. ಆ ವ್ಯತ್ಯಾಸವನ್ನು ನೀವು ಇಷ್ಟು ದಿನ ಗೊಬ್ಬರದಲ್ಲಿ ಹುಡುಕಿದ್ದೀರಿ. ಸಂಜೆ ಆರು ಗಂಟೆಯ ನಂತರ ನಿಮ್ಮ ಹಾಲ್‌ನಲ್ಲಿ ಉರಿಯುವ ದೀಪದಲ್ಲಿ ಹುಡುಕಬೇಕಿತ್ತು.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸೇವಂತಿಗೆ ಹೊಲಗಳಲ್ಲಿ ಸಾಲುಸಾಲಾಗಿ ಬಲ್ಬ್ ಉರಿಯುವುದನ್ನು ನೋಡಿರಬಹುದು. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವುದು ಸೇವಂತಿಗೆಯ ಸ್ವಭಾವ. ಗಿಡ ಇನ್ನೂ ಚಿಕ್ಕದಿರುವಾಗಲೇ ಮೊಗ್ಗು ಬಂದರೆ ಇಳುವರಿಯೂ ಇಲ್ಲ, ಉದ್ದ ಕಡ್ಡಿಯೂ ಇಲ್ಲ. ಆದ್ದರಿಂದ ರೈತರು ದೀಪ ಹಾಕಿ ರಾತ್ರಿಯನ್ನು ಮೊಟಕುಗೊಳಿಸುತ್ತಾರೆ. ಗಿಡ ಸಾಕಷ್ಟು ಬೆಳೆದ ಮೇಲೆ ದೀಪ ಆರಿಸುತ್ತಾರೆ, ಮೊಗ್ಗು ಬರುತ್ತದೆ. ಕಲಂಚೋ ಕೂಡ ಇದೇ ಸ್ವಭಾವದ ಗಿಡ. ಹೂ ತಡೆಯಲೆಂದು ರೈತ ಬೇಕೆಂದೇ ಮಾಡುವ ಕೆಲಸವನ್ನು ನಿಮ್ಮ ಹಾಲ್‌ನ ಟ್ಯೂಬ್‌ಲೈಟ್ ಎರಡು ವರ್ಷದಿಂದ ನಿಮಗೆ ತಿಳಿಯದಂತೆ ಮಾಡುತ್ತಿದೆ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 20 ನಿಮಿಷ. ಅಂದರೆ ಡಿಸೆಂಬರ್‌ನಲ್ಲಿ ಟೆರೇಸಿನ ಮೇಲಿರುವ ಗಿಡಕ್ಕೆ ಮುಂಜಾವು ಮುಸ್ಸಂಜೆಯ ಮಬ್ಬು ಬೆಳಕನ್ನು ಕಳೆದರೂ ಸುಮಾರು ಹನ್ನೆರಡು ಗಂಟೆಯ ಕತ್ತಲೆ ಸಿಗುತ್ತದೆ. ನಿಮ್ಮ ಹಾಲ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ದೀಪ ಉರಿದರೆ, ಬೆಳಗ್ಗೆ ಆರೂವರೆಗೆ ಬೆಳಕಾದರೆ, ಅಲ್ಲಿನ ಗಿಡಕ್ಕೆ ಸಿಗುವ ರಾತ್ರಿ ಏಳೂವರೆ ಗಂಟೆಯದು. ಲಂಡನ್ನಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಹದಿನಾರೂವರೆ ಗಂಟೆಗಿಂತ ತುಸು ಹೆಚ್ಚು. ನಿಮ್ಮ ಕಲಂಚೋ ಬೆಂಗಳೂರಿನ ಡಿಸೆಂಬರ್‌ನಲ್ಲೂ ಲಂಡನ್ನಿನ ನಡುಬೇಸಿಗೆಯಲ್ಲಿ ಬದುಕುತ್ತಿದೆ. ಎಲೆ ಬೆಳೆಸಲು ಅದು ಒಳ್ಳೆಯ ಕಾಲ, ಹೂ ಬಿಡುವ ಕಾಲವಲ್ಲ.

ಗಿಡಗಳು ಹಗಲಿನ ಉದ್ದವನ್ನು ನೋಡಿ ಹೂ ಬಿಡುತ್ತವೆ ಎಂಬುದನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಅವರು ಹಿಡಿದುಕೊಂಡಿದ್ದು ಎಷ್ಟು ಎತ್ತರ ಬೆಳೆದರೂ ಹೂ ಬಿಡದ ಒಂದು ತಂಬಾಕಿನ ತಳಿಯನ್ನು. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ನಡುವೆ ತುಂಡಾಗದ ಕತ್ತಲೆಯನ್ನು ಎಂಬುದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ನಡೆಸಿದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಉದ್ದನೆಯ ರಾತ್ರಿಯ ನಡುವೆ ಕೆಲವು ನಿಮಿಷ ಬೆಳಕು ಕೊಟ್ಟರೂ ಗಿಡ ಅದನ್ನು ಎರಡು ಗಿಡ್ಡ ರಾತ್ರಿಗಳೆಂದು ಲೆಕ್ಕ ಹಾಕುತ್ತದೆ. ಈ ಲೆಕ್ಕ ಇಡುವುದು ಎಲೆಗಳಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ. ಅದು ಕೆಂಪು ಬೆಳಕಿಗೆ ಬಹಳ ಸೂಕ್ಷ್ಮ. ನಾವು ಮನೆಯಲ್ಲಿ ಬಳಸುವ ಬಲ್ಬ್, ಟ್ಯೂಬ್‌ಲೈಟ್, ಎಲ್‌ಇಡಿ ಎಲ್ಲದರ ಬೆಳಕಿನಲ್ಲೂ ಕೆಂಪಿನ ಪಾಲು ಇದ್ದೇ ಇರುತ್ತದೆ.

ಎಲೆ ಅಳೆಯುತ್ತದೆ, ಮೊಗ್ಗು ಬರುವುದು ಕುಡಿಯಲ್ಲಿ. ಎಲೆಯಲ್ಲಿ ಹುಟ್ಟಿದ ಸಂದೇಶ ಕುಡಿಗೆ ಹೋಗಬೇಕು. ಆದ್ದರಿಂದ ಹೂವಿನ ಕಾಲಕ್ಕೆ ಮೊದಲು ಗಿಡದಲ್ಲಿ ಬಲಿತ, ಆರೋಗ್ಯವಾದ ಎಲೆಗಳು ಸಾಕಷ್ಟಿರಬೇಕು. ಚೆಂದ ಕಾಣಲಿ ಎಂದು ಕೆಳಗಿನ ಎಲೆಗಳನ್ನೆಲ್ಲ ಚಿವುಟಿ ಹಾಕುವ ಅಭ್ಯಾಸ ಕೆಲವರಿಗಿದೆ. ಹಳದಿಯಾದುದನ್ನು ಬಿಟ್ಟು ಬೇರೆ ಎಲೆಯನ್ನು ಮುಟ್ಟಬೇಡಿ.

ಕಲಂಚೋದ ತವರು ನಮ್ಮ ಊರಿಗೆ ಎಷ್ಟು ಹೊಂದುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಅಂಗಡಿಯಲ್ಲಿ ಸಿಗುವ ತಳಿಗಳ ಮೂಲ ಗಿಡ ಮಡಗಾಸ್ಕರ್ ದ್ವೀಪದ ಉತ್ತರ ಭಾಗದ ತ್ಸಾರತನಾನಾ ಬೆಟ್ಟಸಾಲಿನದು. ಜರ್ಮನಿಯ ಪಾಟ್ಸ್‌ಡ್ಯಾಮ್‌ನ ನರ್ಸರಿ ಮಾಲೀಕ ರಾಬರ್ಟ್ ಬ್ಲಾಸ್‌ಫೆಲ್ಡ್ ಅದನ್ನು 1932ರಲ್ಲಿ ಮಾರುಕಟ್ಟೆಗೆ ತಂದರು. ಸಸ್ಯಶಾಸ್ತ್ರದ ಹೆಸರು ಕಲಂಚೋ ಬ್ಲಾಸ್‌ಫೆಲ್ಡಿಯಾನಾ ಎಂದಾದದ್ದು ಅವರಿಂದಲೇ. ಆ ಬೆಟ್ಟಸಾಲು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು 14 ಡಿಗ್ರಿಯಲ್ಲಿದೆ, ಬೆಂಗಳೂರು ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ತಿಂಗಳುಗಳು ಅದಲು ಬದಲಾದರೂ ರಾತ್ರಿಯ ಉದ್ದ ಹೆಚ್ಚುಕಡಿಮೆ ಅಷ್ಟೇ, ಎತ್ತರದ ಜಾಗದ ತಂಪೂ ಉಂಟು. ಯುರೋಪಿನವರು ಈ ಗಿಡಕ್ಕೆ ಗಾಜಿನ ಮನೆ ಕಟ್ಟಿ ಬಿಸಿ ಕೊಡಬೇಕು. ಬೆಂಗಳೂರು, ಮೈಸೂರು, ಹಾಸನದವರಿಗೆ ಟೆರೇಸಿನ ಒಂದು ಕತ್ತಲೆ ಮೂಲೆ ಸಾಕು.

ಇನ್ನೊಂದು ನಂಟೂ ಇದೆ. ಲಾಲ್‌ಬಾಗಿನ ಬಗ್ಗೆ ನೀವು ಬರೆದಿದ್ದರಿಂದ ಹೇಳುತ್ತಿದ್ದೇನೆ. 19ನೇ ಶತಮಾನದ ಆರಂಭದಲ್ಲಿ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯವಿಜ್ಞಾನಿ ನಮ್ಮ ಕಾಡುಬಸಳೆಯ ಎಲೆಗಳನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಕಿತ್ತು ರುಚಿ ನೋಡಿದರು. ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ರುಚಿಯೇ ಇಲ್ಲ, ಸಂಜೆಗೆ ತುಸು ಕಹಿ. ಅವರು ಇದನ್ನು ಪತ್ರದಲ್ಲಿ ಬರೆದು ಲಂಡನ್ನಿಗೆ ಕಳಿಸಿದರು, ಅಲ್ಲಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅದು 1815ರಲ್ಲಿ ಅಚ್ಚಾಯಿತು. ಕಾಡುಬಸಳೆ ಕಲಂಚೋ ಜಾತಿಯದೇ ಗಿಡ. ನೀರು ಕಡಿಮೆಯಿರುವ ಜಾಗದ ಈ ಗಿಡಗಳು ಹಗಲಿನ ಬಿಸಿಲಿಗೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ಆಗ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನಲ್ಲಿ ಬೆಳಕು ಬಿದ್ದಾಗ ಬಳಸುತ್ತವೆ. ಬೆಳಗಿನ ಹುಳಿಗೆ ಕಾರಣ ಅದು. ನಿಮ್ಮ ಕೆಂಪು ಕಲಂಚೋದಲ್ಲಿ ರಾತ್ರಿ ಉದ್ದವಾದಂತೆ ಈ ಕ್ರಿಯೆಯೂ ಚುರುಕಾಗುತ್ತದೆ. ಮೊಗ್ಗು, ಉಸಿರಾಟ ಎರಡಕ್ಕೂ ರಾತ್ರಿಯೇ ಮುಖ್ಯ. (ಹೇಯ್ನ್ ರುಚಿ ನೋಡಿದರೆಂದು ನೀವು ನೋಡಬೇಡಿ. ಕಲಂಚೋದಲ್ಲಿ ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷಾಂಶವಿದೆ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.)

ಇಷ್ಟು ತಿಳಿದ ಮೇಲೆ ಮಾಡಬೇಕಾದ ಕೆಲಸ ಸುಲಭ. ನಿಮ್ಮ ಪತ್ರ ಆಗಸ್ಟ್ ಮೊದಲ ವಾರದಲ್ಲಿ ಬಂದಿರುವುದು ಒಳ್ಳೆಯದಾಯಿತು. ಹೂವಿನ ತಯಾರಿ ಅಕ್ಟೋಬರ್‌ನಲ್ಲಿ ಶುರುವಾಗಬೇಕು, ಅದಕ್ಕೆ ಮುಂಚೆ ಗಿಡವನ್ನು ಸರಿಪಡಿಸಲು ಎರಡು ತಿಂಗಳಿದೆ.

ಮೊದಲು ವಾಲಿದ ಕಾಂಡ. ನಿಮ್ಮ ಗಿಡ ಕಿಟಕಿಯ ಕಡೆಗೆ ಚಾಚಿಕೊಂಡಿದೆ, ಎಲೆಯಿಂದ ಎಲೆಗೆ ಅಂತರ ಹೆಚ್ಚಿದೆ ಎಂದರೆ ಹಗಲಿನಲ್ಲಿ ಅದಕ್ಕೆ ಬೆಳಕು ಸಾಲುತ್ತಿಲ್ಲ. ನಿಮ್ಮ ಹಾಲ್‌ನಲ್ಲಿ ಹಗಲು ಬೆಳಕು ಕಡಿಮೆ, ರಾತ್ರಿ ಬೆಳಕು ಹೆಚ್ಚು. ಗಿಡಕ್ಕೆ ಬೇಕಾದದ್ದಕ್ಕೆ ತೀರಾ ತಿರುವುಮುರುವು. ಗಿಡ ಗಿಡ್ಡಗೆ ದುಂಡಗೆ ಇದ್ದದ್ದು ಅಂಗಡಿಯಿಂದ ತಂದಾಗ ಮಾತ್ರ, ಆಮೇಲೆ ಆ ಆಕಾರ ಹೋಯಿತು ಎಂದು ಬಹಳ ಜನ ಕೊರಗುತ್ತಾರೆ. ಮಾರುಕಟ್ಟೆಗೆ ಬೆಳೆಸುವವರು ಕಾಂಡ ಉದ್ದವಾಗದಂತೆ ಬೆಳವಣಿಗೆ ತಡೆಯುವ ರಾಸಾಯನಿಕ ಬಳಸುವುದು ಸಾಮಾನ್ಯ. ಅದರ ಪ್ರಭಾವ ಕೆಲವು ತಿಂಗಳಲ್ಲಿ ಕಳೆದು ಗಿಡ ತನ್ನ ಸಹಜ ಎತ್ತರಕ್ಕೆ ಬರುತ್ತದೆ. ಮನೆಯಲ್ಲಿ ಅದರ ಬದಲಿಗೆ ಕತ್ತರಿ ಹಿಡಿಯಬೇಕು.

ಹರಿತವಾದ ಕತ್ತರಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ, ಉದ್ದವಾದ ಕಾಂಡಗಳನ್ನು ಕೆಳಗೆ ಮೂರು ನಾಲ್ಕು ಜೋಡಿ ಎಲೆ ಉಳಿಯುವಂತೆ, ಎಲೆಜೋಡಿಗಿಂತ ಸ್ವಲ್ಪ ಮೇಲೆ ಕತ್ತರಿಸಿ. ಪ್ರತಿ ಎಲೆಯ ಬುಡದಲ್ಲೂ ಮಲಗಿರುವ ಕುಡಿಯೊಂದಿದೆ. ಮೇಲಿನ ತುದಿ ಹೋದ ಕೂಡಲೇ ಅವು ಚಿಗುರುತ್ತವೆ. ಒಂದು ತುದಿಯಿದ್ದ ಕಡೆ ಎರಡು ಬಂದರೆ ಹೂಗೊಂಚಲೂ ಎರಡು. ಆಗಸ್ಟ್ ಒಳಗೆ ಈ ಕೆಲಸ ಮುಗಿಯಲಿ. ಸೆಪ್ಟೆಂಬರ್ ನಡುವಿನ ನಂತರ ತುದಿ ಚಿವುಟಬೇಡಿ, ಹೂ ಬರುವುದು ಆ ತುದಿಗಳಲ್ಲೇ.

ಕತ್ತರಿಸಿದ ತುಂಡುಗಳನ್ನು ಎಸೆಯದೆ ತಂಗಿಗೆ ಇಡಿ. ಮೂರು ನಾಲ್ಕು ಅಂಗುಲದ ತುಂಡು ಸಾಕು. ಕೆಳಗಿನ ಒಂದು ಜೋಡಿ ಎಲೆ ತೆಗೆದು, ನೆರಳಿನಲ್ಲಿ ಕಾಗದದ ಮೇಲೆ ಎರಡು ದಿನ ಬಿಡಿ. ಕತ್ತರಿಸಿದ ಬಾಯಿ ಒಣಗಿ ತೆಳುವಾದ ಪೊರೆ ಕಟ್ಟಬೇಕು. ಹಸಿಗಾಯದಲ್ಲೇ ನೆಟ್ಟರೆ ಮಳೆಗಾಲದಲ್ಲಿ ಕೊಳೆಯುವುದೇ ಹೆಚ್ಚು. ಆಮೇಲೆ ಮರಳು ಬೆರೆತ ಮಣ್ಣಿನಲ್ಲಿ ಒಂದು ಗೆಣ್ಣು ಹೂಳಿ, ಮಣ್ಣು ತೇವವಾಗುವಷ್ಟು ಮಾತ್ರ ನೀರು ಕೊಡಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ತುಂಡು ಬಿಗಿಯಾಗಿ ನಿಂತರೆ ಬೇರೂರಿದೆ ಎಂದರ್ಥ.

ಇನ್ನು ಕುಂಡ. ಎರಡು ವರ್ಷದಿಂದ ಮಣ್ಣು ಬದಲಾಯಿಸಿಲ್ಲವಾದರೆ ಗಿಡವನ್ನು ಒಮ್ಮೆ ಹೊರತೆಗೆದು ನೋಡಿ. ಬೇರುಗಳ ನಡುವೆ ಕಂದು ಬಣ್ಣದ ಗಟ್ಟಿ ಉಂಡೆ ಕಾಣುತ್ತದೆ. ಅದು ಮೊದಲ ದಿನದಿಂದ ಇರುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಮೇಲ್ಭಾಗ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ಪೂರ್ತಿ ಒಣಗಿದರೆ ಅದು ನೀರನ್ನು ಬೇಗ ಹೀರುವುದಿಲ್ಲ, ಹಾಕಿದ ನೀರು ಕುಂಡದ ಗೋಡೆಗುಂಟ ಇಳಿದು ಕೆಳಗೆ ಹೋಗುತ್ತದೆ. ಕಲಂಚೋಗೆ ಎರಡೂ ಆಗದು. ಬೇರು ಹರಿಯದಂತೆ ಆ ಉಂಡೆಯನ್ನು ಬೆರಳಿನಲ್ಲಿ ಬಿಡಿಸಿ ತೆಗೆಯಿರಿ, ಕಪ್ಪಾಗಿ ಮೆತ್ತಗಾದ ಬೇರಿದ್ದರೆ ಕತ್ತರಿಸಿ.

ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ. ಎಂ-ಸ್ಯಾಂಡ್ ಬಳಸುವವರು ಅದರ ದೂಳನ್ನು ತೊಳೆದು ಬಳಸಬೇಕು, ಇಲ್ಲದಿದ್ದರೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಒಂದು ಹಿಡಿ ಇಟ್ಟಿಗೆ ಚೂರು ಬೆರೆಸಿದರೆ ಇನ್ನೂ ಒಳ್ಳೆಯದು. ಆರು ಅಂಗುಲದ ಮಣ್ಣಿನ ಕುಂಡ ಸಾಕು, ಕೆಳಗೆ ತೂತು ಇರಲೇಬೇಕು. ಗಿಡ ಬೇಗ ಬೆಳೆಯಲಿ ಎಂದು ದೊಡ್ಡ ಕುಂಡ ಕೊಟ್ಟರೆ ಬೇರಿಲ್ಲದ ಮಣ್ಣಿನಲ್ಲಿ ನೀರು ನಿಂತು ಕೊಳೆತ ಶುರುವಾಗುತ್ತದೆ.

ನೀರಿನ ವಿಷಯದಲ್ಲಿ ದಿನದ ಲೆಕ್ಕ ಬೇಡ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಳಗೂ ಒಣಗಿದ್ದರೆ ತೂತಿನಿಂದ ಇಳಿಯುವವರೆಗೆ ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಒಳಗೆ ತಂಪೆನಿಸಿದರೆ ಬಿಡಿ. ಬಾಯಾರಿದ ಕಲಂಚೋದ ಕೆಳಗಿನ ಎಲೆ ತೆಳ್ಳಗಾಗಿ ಸುಕ್ಕುಗಟ್ಟುತ್ತದೆ, ನೀರು ಹಾಕಿದ ಮರುದಿನ ಮತ್ತೆ ತುಂಬಿಕೊಳ್ಳುತ್ತದೆ. ನೀರು ಹೆಚ್ಚಾದ ಗಿಡದ ಎಲೆ ಹಳದಿಯಾಗಿ, ಮುಟ್ಟಿದರೆ ಉದುರುತ್ತದೆ, ಬುಡ ಮೆತ್ತಗಾಗುತ್ತದೆ. ಮೊದಲನೆಯದಕ್ಕೆ ಪರಿಹಾರವಿದೆ. ಎರಡನೆಯದರಲ್ಲಿ ಮೇಲಿನ ಗಟ್ಟಿ ತುದಿಯನ್ನು ಕತ್ತರಿಸಿ ಹೊಸದಾಗಿ ಬೇರು ಬರಿಸುವುದೊಂದೇ ದಾರಿ. ಎಲೆಗಳ ಮೇಲೆ ನೀರು ಚಿಮುಕಿಸಬೇಡಿ. ಮಂಗಳೂರು, ಉಡುಪಿಯಂಥ ತೇವದ ಊರುಗಳಲ್ಲಿ ಇದರಿಂದಲೇ ಕಾಂಡ ಕೊಳೆ ಬರುವುದು ಹೆಚ್ಚು. ಅಲ್ಲಿಯವರು ಮಳೆಗಾಲ ಪೂರ್ತಿ ಗಿಡವನ್ನು ಸೂರಿನ ಕೆಳಗೆ, ಗಾಳಿಯಾಡುವಲ್ಲಿ ಇಡಬೇಕು.

ಗೊಬ್ಬರದ ಬಗ್ಗೆ ನೇರವಾಗಿ ಹೇಳುತ್ತೇನೆ. ಹೂ ಬರಿಸುವ ಗೊಬ್ಬರ ಎಂಬುದು ಕಲಂಚೋದ ಮಟ್ಟಿಗೆ ಇಲ್ಲ. ಡಿಎಪಿಯಲ್ಲಿ ನೂರಕ್ಕೆ 18 ಪಾಲು ಸಾರಜನಕ, 46 ಪಾಲು ರಂಜಕ ಇರುತ್ತದೆ, ಪೊಟ್ಯಾಷ್ ಇಲ್ಲ. ಹೊಲಕ್ಕೆ ಒಳ್ಳೆಯ ಗೊಬ್ಬರ. ಆರು ಅಂಗುಲದ ಕುಂಡದಲ್ಲಿ ಅದರ ಲವಣ ಸೇರಿಕೊಂಡು ಬೇರು ಸುಡುತ್ತದೆ. ಎಪ್ಸಮ್ ಉಪ್ಪು ಮೆಗ್ನೀಷಿಯಂ ಸಲ್ಫೇಟ್. ಮೆಗ್ನೀಷಿಯಂ ಕೊರತೆಯಿದ್ದರೆ ಅದನ್ನು ನೀಗಿಸುತ್ತದೆ, ಮೊಗ್ಗಿಗೂ ಅದಕ್ಕೂ ಸಂಬಂಧವಿಲ್ಲ. ಬಾಳೆ ಸಿಪ್ಪೆಯ ನೀರಿನಿಂದ ಇರುವೆ, ಸಣ್ಣ ನೊಣ ಬರುವುದೇ ಹೆಚ್ಚು. ಇವನ್ನೆಲ್ಲ ನಿಲ್ಲಿಸಿ. ಮಣ್ಣು ಬದಲಾಯಿಸಿ ಮೂರು ವಾರ ಕಳೆದ ಮೇಲೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವುದು) ಲೀಟರ್ ನೀರಿಗೆ ಒಂದು ಗ್ರಾಂನಂತೆ ಕರಗಿಸಿ ಹದಿನೈದು ದಿನಕ್ಕೊಮ್ಮೆ ಕೊಡಿ, ಸೆಪ್ಟೆಂಬರ್ ಕೊನೆಗೆ ನಿಲ್ಲಿಸಿ.

ಗಿಡ ಎಲ್ಲಿರಬೇಕು? ಈಗಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಪೂರ್ವದ ಬಾಲ್ಕನಿ ಇದ್ದರೆ ಅಲ್ಲಿ, ಬೆಳಗಿನ ಮೂರು ನಾಲ್ಕು ಗಂಟೆಯ ಬಿಸಿಲು ಬೀಳುವಂತೆ. ಹಾಲ್‌ನಿಂದ ಒಮ್ಮೆಲೇ ಬಿಸಿಲಿಗೆ ತಂದರೆ ಎಲೆ ಸುಟ್ಟು ಬಿಳಿ ಕಲೆ ಬೀಳುತ್ತದೆ, ಒಂದು ವಾರ ಸ್ವಲ್ಪ ಸ್ವಲ್ಪವಾಗಿ ಹೊಂದಿಸಿ. ಎಲೆಯ ಅಂಚು ಕೆಂಪಾದರೆ ಹೆದರಬೇಡಿ, ಬಿಸಿಲು ಚೆನ್ನಾಗಿ ಸಿಕ್ಕಿದೆ ಎಂದಷ್ಟೇ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಅಕ್ಟೋಬರ್ ಒಂದರಿಂದ ಆರು ವಾರ, ದಿನಕ್ಕೆ ಹದಿನಾಲ್ಕು ಗಂಟೆ ಪೂರ್ತಿ ಕತ್ತಲೆ. ಸಂಜೆ ಆರಕ್ಕೆ ಗಿಡದ ಮೇಲೆ ರಟ್ಟಿನ ಪೆಟ್ಟಿಗೆ ಕವುಚಿ, ಬೆಳಗ್ಗೆ ಎಂಟಕ್ಕೆ ತೆಗೆಯಿರಿ. ಎಲೆಗಳು ಒಳಗೆ ತಾಗದಷ್ಟು ದೊಡ್ಡ ಪೆಟ್ಟಿಗೆಯಾಗಲಿ. ಬಳಸುವ ಮುನ್ನ ಹಗಲಿನಲ್ಲಿ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಒಳಗಿನಿಂದ ನೋಡಿ. ಮಡಿಕೆಯ ಸಂದಿನಲ್ಲಿ, ಸ್ಟೇಪಲ್ ಪಿನ್ ಕಿತ್ತ ಕಡೆ, ಕೈ ಹಾಕಿ ಎತ್ತುವ ತೂತಿನಲ್ಲಿ ಬೆಳಕು ತೂರಿ ಬರುತ್ತಿರುತ್ತದೆ. ಅಲ್ಲೆಲ್ಲ ಕಂದು ಟೇಪ್ ಅಂಟಿಸಿ. ಪ್ಲಾಸ್ಟಿಕ್ ಚೀಲ ಕಟ್ಟುವುದು ಬೇಡ. ಗಿಡ ರಾತ್ರಿ ಗಾಳಿ ತೆಗೆದುಕೊಳ್ಳುತ್ತದೆ ಎಂದು ಹೇಳಿದೆನಲ್ಲ; ಚೀಲದಲ್ಲಿ ಗಾಳಿಯೂ ಕಡಿಮೆ, ಒಳಗೆ ಬೆವರಿ ಶಿಲೀಂಧ್ರಕ್ಕೂ ದಾರಿ.

ಬೆಳಗ್ಗೆ ಪೆಟ್ಟಿಗೆ ತೆಗೆದ ಮೇಲೆ ಗಿಡಕ್ಕೆ ಆದಷ್ಟು ಪ್ರಕಾಶಮಾನವಾದ ಬೆಳಕು ಬೇಕು. ಕತ್ತಲೆ ಒಳ್ಳೆಯದಂತೆ ಎಂದು ಆರು ವಾರ ಬೀರುವಿನಲ್ಲಿಟ್ಟವರ ಗಿಡ ಹಳದಿಯಾಗಿ ಸತ್ತದ್ದನ್ನು ಕಂಡಿದ್ದೇನೆ. ಮೊಗ್ಗು ಕಟ್ಟಲು ಬೇಕಾದ ಆಹಾರ ತಯಾರಾಗುವುದು ಹಗಲಿನಲ್ಲೇ. ಈ ವಾರಗಳಲ್ಲಿ ನೀರು ಸ್ವಲ್ಪ ಕಡಿಮೆ ಸಾಕು, ಗೊಬ್ಬರ ಬೇಡವೇ ಬೇಡ.

ಪೆಟ್ಟಿಗೆಯ ಕೆಲಸ ರೇಜಿಗೆ ಅನಿಸಿದರೆ, ಸಂಜೆಯ ಮೇಲೆ ಯಾರೂ ದೀಪ ಹಾಕದ ಕೋಣೆಯಿದ್ದರೆ ಅಲ್ಲಿಟ್ಟರೂ ಆಗುತ್ತದೆ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ನಮ್ಮ ಸಹಜ ರಾತ್ರಿಯೇ ಕಲಂಚೋಗೆ ಸಾಕು, ಹೂ ಒಂದಿಷ್ಟು ತಡವಾಗಿ ಬರುತ್ತದೆ ಅಷ್ಟೇ. ಬಾಲ್ಕನಿಯಲ್ಲಿಡುವುದಾದರೆ ರಾತ್ರಿ ಹತ್ತಕ್ಕೆ ಒಮ್ಮೆ ಹೋಗಿ ನಿಂತು ನೋಡಿ. ಬೀದಿದೀಪ, ಎದುರು ಕಟ್ಟಡದ ದೀಪ, ಪಾರ್ಕಿಂಗ್‌ನ ಎಲ್‌ಇಡಿ ಯಾವುದಾದರೂ ಎಲೆಯ ಮೇಲೆ ಬೀಳುತ್ತಿದ್ದರೆ, ಆ ಬೆಳಕಿನಲ್ಲಿ ಪತ್ರಿಕೆಯ ತಲೆಬರಹ ಓದಬಹುದಾದರೆ ಆ ಜಾಗ ಬೇಡ. ಮೇಲಿನ ಮನೆಯವರ ಗಿಡ ಹೂ ಬಿಡುತ್ತಿರುವುದು ಅವರ ಟೆರೇಸಿನಲ್ಲಿ ಕತ್ತಲೆ ಇರುವುದರಿಂದ. ಅವರು ಒಪ್ಪಿದರೆ ನಿಮ್ಮ ಕುಂಡವನ್ನೂ ಮೂರು ತಿಂಗಳು ಅಲ್ಲೇ ಇಟ್ಟುಬಿಡಿ! ಊರಿಗೆ ಹೋಗಿ ಒಂದೆರಡು ದಿನ ಪೆಟ್ಟಿಗೆ ಮುಚ್ಚುವುದು ತಪ್ಪಿದರೆ ಕೆಲಸವೆಲ್ಲ ಕೆಡುವುದಿಲ್ಲ. ತಪ್ಪಿದ ದಿನಗಳನ್ನು ಕೊನೆಯಲ್ಲಿ ಸೇರಿಸಿ. ವಾರವಿಡೀ ತಪ್ಪಿದರೆ ಮಾತ್ರ ಹೊಸದಾಗಿ ಎಣಿಸಬೇಕು.

ಕತ್ತಲೆಯ ಜೊತೆಗೆ ತಂಪೂ ಬೇಕು. ರಾತ್ರಿಯ ತಾಪಮಾನ 16ರಿಂದ 21 ಡಿಗ್ರಿ ಇದ್ದರೆ ಮೊಗ್ಗು ಬೇಗ ಕಟ್ಟುತ್ತದೆ. 25 ಡಿಗ್ರಿ ದಾಟಿದರೆ ಎಷ್ಟೇ ಕತ್ತಲೆ ಕೊಟ್ಟರೂ ತಡವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಬೆಂಗಳೂರಿನ ಅಕ್ಟೋಬರ್, ನವೆಂಬರ್ ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಬಿಸಿ ಗೋಡೆಗೆ ತಾಗಿಸಿ, ಫ್ರಿಜ್‌ನ ಹಿಂಭಾಗದ ಬಳಿ ಪೆಟ್ಟಿಗೆ ಇಡಬೇಡಿ.

ಆರನೇ ವಾರದ ಹೊತ್ತಿಗೆ ತುದಿಗಳನ್ನು ಹತ್ತಿರದಿಂದ ನೋಡಿ. ಮೊದಲು ಕಾಣುವುದು ಎಲೆಯಲ್ಲಿನ ಬದಲಾವಣೆ: ಹೊಸ ಜೋಡಿ ಎಲೆಗಳು ಚಿಕ್ಕದಾಗಿ, ಕಿರಿದಾಗಿ ಬರುತ್ತವೆ. ಅವುಗಳ ನಡುವೆ ಸಾಸಿವೆ ಕಾಳಿನಷ್ಟು ಹಸಿರು ಕಾಳುಗಳ ಗುಂಪು ಇರುತ್ತದೆ. ಅದು ಹೊಸ ಚಿಗುರಲ್ಲ, ಮೊಗ್ಗಿನ ಗೊಂಚಲು. ಅವು ಕಂಡ ಮೇಲೂ ಬಣ್ಣ ಇಣುಕುವವರೆಗೆ ಕತ್ತಲೆ ಮುಂದುವರಿಸಿದರೆ ಗೊಂಚಲು ತುಂಬಿಕೊಂಡು ಬರುತ್ತದೆ. ಅಕ್ಟೋಬರ್ ಒಂದಕ್ಕೆ ಶುರು ಮಾಡಿದ ಗಿಡ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯ ಒಳಗೆ ಅರಳಬೇಕು. ಬಣ್ಣ ಕಂಡ ಮೇಲೆ ಹಾಲ್‌ಗೆ ತನ್ನಿ, ಟಿ.ವಿ. ಪಕ್ಕವೇ ಇಡಿ, ಆಗ ದೀಪ ಏನೂ ಕೆಡಿಸುವುದಿಲ್ಲ. ಆರೇಳು ವಾರ ಹೂ ನಿಲ್ಲುತ್ತದೆ.

ಮೊಗ್ಗಿನ ಕಾಲದಲ್ಲಿ ಸಸ್ಯಹೇನು, ಹಿಟ್ಟು ತಿಗಣೆ ಬರಬಹುದು. ಸೋಪಿನ ನೀರು, ಬೇವಿನೆಣ್ಣೆ ಸಿಂಪಡಿಸುವ ಮುನ್ನ ಒಂದು ಎಲೆಯ ಮೇಲೆ ಹಾಕಿ ಎರಡು ದಿನ ಕಾಯಿರಿ, ಈ ಜಾತಿಯ ಎಲೆಗಳಿಗೆ ಕೆಲವೊಮ್ಮೆ ಅವು ಹಿಡಿಸುವುದಿಲ್ಲ. ತಿಗಣೆ ಕಡಿಮೆಯಿದ್ದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯುವುದೇ ವಾಸಿ.

ಹೂ ಬಾಡಿದ ಮೇಲೆ ದಂಟನ್ನು ಅದರ ಕೆಳಗಿನ ಮೊದಲ ಒಳ್ಳೆಯ ಎಲೆಜೋಡಿಯವರೆಗೆ ಕತ್ತರಿಸಿ. ಬಹಳ ಜನ ಒಣಗಿದ ಗೊಂಚಲನ್ನು ಹಾಗೆಯೇ ಬಿಡುತ್ತಾರೆ, ಗಿಡ ಸೊರಗಿ ಕಾಣುತ್ತದೆ. ಕತ್ತರಿಸಿದವರಿಗೆ ಏಪ್ರಿಲ್ ಹೊತ್ತಿಗೆ ಹೊಸ ಚಿಗುರು ಸಿಗುತ್ತದೆ.

ಕತ್ತರಿಸಿದ ಎಲೆ, ಕಾಂಡ, ಹೂವನ್ನು ಮಾತ್ರ ಬೀದಿಗೆ ಹಾಕಬೇಡಿ. ನಮ್ಮ ಬೀದಿಗಳಲ್ಲಿ ದನಗಳು ಕಸ ಮೇಯುತ್ತವೆ. ಕಲಂಚೋ ಜಾತಿಯ ಗಿಡಗಳನ್ನು ತಿಂದು ಜಾನುವಾರುಗಳು ಸತ್ತ ಉದಾಹರಣೆಗಳು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಲ್ಲಿ ದಾಖಲಾಗಿವೆ. ಹೂವಿನಲ್ಲೇ ವಿಷ ಹೆಚ್ಚು. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಕುಂಡವನ್ನು ಅವುಗಳಿಗೆ ಸಿಗದಂತೆ ಎತ್ತರದಲ್ಲಿಡಿ. ಕತ್ತರಿಸಿದ ಕಸವನ್ನು ಕಾಗದದಲ್ಲಿ ಸುತ್ತಿ ಹಸಿಕಸದ ಗಾಡಿಗೆ ಕೈಯಾರೆ ಕೊಡಿ.

ಈ ಪೆಟ್ಟಿಗೆಯ ಉಪಾಯವನ್ನು ಮನೆಯ ಎಲ್ಲ ಹೂ ಬಿಡುವ ರಸಭರಿತ ಗಿಡಗಳಿಗೂ ಮಾಡಬೇಡಿ. ಕ್ರಿಸ್‌ಮಸ್ ಕ್ಯಾಕ್ಟಸ್‌ಗೆ ಇದು ಆಗುತ್ತದೆ, ಅದಕ್ಕೆ ತಂಪು ಇನ್ನೂ ಹೆಚ್ಚು ಬೇಕು. ಕ್ಯಾಲಂಡೀವಾ ಎಂದು ಮಾರುವ, ಎಸಳು ತುಂಬಿದ ಪುಟ್ಟ ಗುಲಾಬಿಯ ಹಾಗೆ ಕಾಣುವ ಗಿಡವೂ ಕಲಂಚೋವೇ, ಆರೈಕೆ ಇದೇ. ಅಡೇನಿಯಂಗೆ ಬೇಕಾದದ್ದು ದಿನವಿಡೀ ಬಿಸಿಲು ಮತ್ತು ಫೆಬ್ರುವರಿ ಹೊತ್ತಿಗೆ ಒಂದು ಒಳ್ಳೆಯ ಕತ್ತರಿ. ಮುಳ್ಳಿನ ಯುಫೋರ್ಬಿಯಾ ಬಿಸಿಲಿದ್ದರೆ ವರ್ಷದ ಬಹುಪಾಲು ಹೂ ಬಿಡುತ್ತದೆ. ಅವುಗಳನ್ನು ಕತ್ತಲೆಯಲ್ಲಿಟ್ಟರೆ ನಷ್ಟವೇ ಹೊರತು ಲಾಭವಿಲ್ಲ.

ಕೊನೆಯದಾಗಿ ರಾಯಚೂರಿನ ತಂಗಿಯವರ ಗಿಡ. ಖಂಡಿತ ಕೊಡಿ. ಈಗ ಬೇರು ಬರಿಸಿದ ಸಸಿಯನ್ನು ಸೆಪ್ಟೆಂಬರ್‌ನಲ್ಲಿ ಕಳಿಸಿದರೆ ಬೇಸಿಗೆಗೆ ಮುಂಚೆ ಗಟ್ಟಿಯಾಗುತ್ತದೆ. ಅಲ್ಲಿ ಅಕ್ಟೋಬರ್ ರಾತ್ರಿ ಇನ್ನೂ ಬೆಚ್ಚಗಿರುವುದರಿಂದ ಕತ್ತಲೆಯ ಆರು ವಾರವನ್ನು ನವೆಂಬರ್ ಮಧ್ಯದಿಂದ ಶುರು ಮಾಡಲಿ, ಹೂ ಫೆಬ್ರುವರಿಗೆ ಬರುತ್ತದೆ. ಮಾರ್ಚ್‌ನಲ್ಲಿ ದಂಟು ಕತ್ತರಿಸಿ ಗಿಡವನ್ನು ಪೂರ್ವದ ಗೋಡೆಯ ನೆರಳಿಗೆ ಸರಿಸಬೇಕು. ಪಶ್ಚಿಮದ ಗೋಡೆ, ಟೆರೇಸಿನ ಕಾದ ನೆಲ ಎರಡೂ ಬೇಡ. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಎತ್ತರಿಸಿಡಲಿ. 40 ಡಿಗ್ರಿಯ ದಿನಗಳಲ್ಲಿ ಗಿಡ ಬೆಳೆಯದೆ ಸುಮ್ಮನಿರುತ್ತದೆ, ಎಲೆ ಸೊರಗುತ್ತದೆ. ಆಗ ಗಾಬರಿಯಿಂದ ದಿನಾ ನೀರು ಹಾಕುವುದರಿಂದಲೇ ಅಲ್ಲಿ ಹೆಚ್ಚು ಗಿಡ ಸಾಯುವುದು. ಮಣ್ಣು ಒಣಗಿದ ಮೇಲೆ, ಸೂರ್ಯ ಇಳಿದ ನಂತರ ನೀರು ಹಾಕಲಿ. ಜೂನ್‌ನ ಮೊದಲ ಮಳೆ ಬಿದ್ದು ಗಾಳಿ ತಂಪಾದರೆ ಗಿಡ ತಾನಾಗಿಯೇ ಚಿಗುರುತ್ತದೆ, ಆಗ ಗೊಬ್ಬರ ಶುರು ಮಾಡಬಹುದು.